ಮಾದರಿ ರೈಲಿನ ಸರಕು ಡಬ್ಬಿ: ಆಯ್ಕೆ ಮತ್ತು ಆರೈಕೆ

ಮಾದರಿ ರೈಲು ನಿರ್ಮಾಣವೆಂಬ ಹವ್ಯಾಸದಲ್ಲಿ ಎಂಜಿನ್ನಿಗೆ ಸಲ್ಲುವ ಗೌರವ ಸರಕು ಡಬ್ಬಿಗೆ ಸಲ್ಲುವುದು ಅಪರೂಪ. ಆದರೆ ಮೇಜಿನ ಮೇಲೆ ಕಟ್ಟಿದ ಪುಟ್ಟ ರೈಲು ಪ್ರದೇಶದಲ್ಲಿ, ಅಂದರೆ ಹವ್ಯಾಸಿಗಳು ಲೇಔಟ್ ಎಂದು ಕರೆಯುವ ರಚನೆಯಲ್ಲಿ, ರೈಲು ಯಾವ ಸೀಮೆಯದು, ಯಾವ ಕಾಲದ್ದು, ಯಾವ ಕೆಲಸಕ್ಕಾಗಿ ಓಡುತ್ತಿದೆ ಎಂಬುದನ್ನು ನೋಡುಗರಿಗೆ ತಿಳಿಸುವುದು ಎಂಜಿನ್ನಿನ ಹಿಂದೆ ಸಾಲುಗಟ್ಟಿ ಬರುವ ಡಬ್ಬಿಗಳೇ. ರೈಲು ಹಳಿ ತಪ್ಪಿದಾಗ ಅದರ ಕಾರಣವೂ ಬಹುಮಟ್ಟಿಗೆ ಒಂದೋ ಹಳಿಯಲ್ಲಿ, ಇಲ್ಲವೇ ಈ ಡಬ್ಬಿಗಳ ಗಾಲಿ, ಕೊಂಡಿ ಮತ್ತು ತೂಕದಲ್ಲಿ ಅಡಗಿರುತ್ತದೆ. ಆದ್ದರಿಂದ ಡಬ್ಬಿಯೊಂದನ್ನು ಕೊಳ್ಳುವ ಮೊದಲು ಅದರ ಚೆಲುವನ್ನು ಸ್ವಲ್ಪ ಪಕ್ಕಕ್ಕಿಟ್ಟು, ಅದು ತಾನು ಸೇರಲಿರುವ ರೈಲಿಗೆ ನಿಜವಾಗಿ ಸೇರಿದ್ದೇ ಎಂದೂ ತಕರಾರಿಲ್ಲದೆ ಓಡಬಲ್ಲದೇ ಎಂದೂ ವಿಚಾರಿಸುವುದು ಒಳ್ಳೆಯದು. ಈ ಭಾಷಣದಲ್ಲಿ ಆ ವಿಚಾರಣೆಗೆ ಮುಖ್ಯ ನಿದರ್ಶನವಾಗಿ, ಈ ಹವ್ಯಾಸ ಬಹಳ ಆಳವಾಗಿ ಬೇರೂರಿರುವ ಅಮೆರಿಕದಲ್ಲಿ ಬಾಕ್ಸ್‌ಕಾರ್ ಎಂದು ಹೆಸರಾದ 40 ಅಡಿಯ ಉಕ್ಕಿನ ಮುಚ್ಚು ಡಬ್ಬಿಯನ್ನು ತೆಗೆದುಕೊಳ್ಳಲಾಗಿದೆ.

ಮೊದಲಿಗೆ ಅಳತೆಯ ಮಾತು. ಹೆಚ್ಚು ಬಳಕೆಯಲ್ಲಿರುವ ಎಚ್‌ಒ ಪ್ರಮಾಣದಲ್ಲಿ ನಿಜವಾದ ಒಂದು ಅಡಿಯನ್ನು 3.5 ಮಿಲಿಮೀಟರಿಗೆ ಇಳಿಸಲಾಗುತ್ತದೆ, ಎಂದರೆ ಮಾದರಿಯು ಮೂಲದ 87ರಲ್ಲಿ ಒಂದು ಭಾಗದಷ್ಟಿರುತ್ತದೆ. ಎರಡು ಹಳಿಗಳ ನಡುವಿನ ಅಂತರ 16.5 ಮಿಲಿಮೀಟರು. ಇದಕ್ಕಿಂತ ಚಿಕ್ಕದಾದ ಎನ್ ಪ್ರಮಾಣದಲ್ಲಿ ಅಮೆರಿಕದ ಮಾದರಿಗಳು 160ರಲ್ಲಿ ಒಂದು ಭಾಗದಷ್ಟಿದ್ದು 9 ಮಿಲಿಮೀಟರ್ ಅಂತರದ ಹಳಿಯ ಮೇಲೆ ಓಡುತ್ತವೆ. 1935ರಲ್ಲಿ ಮಿಲ್ವಾಕಿ ನಗರದಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮಾದರಿ ರೈಲು ಸಂಘ, ಹವ್ಯಾಸಿಗಳ ಬಾಯಲ್ಲಿ ಎನ್‌ಎಂಆರ್‌ಎ, ಹಳಿ ಮತ್ತು ಗಾಲಿಗಳ ಅಳತೆಗಳನ್ನು ಗೊತ್ತುಪಡಿಸಿದ ಕಾರಣದಿಂದಲೇ ಒಬ್ಬ ತಯಾರಕನ ಡಬ್ಬಿ ಮತ್ತೊಬ್ಬನ ಹಳಿಯ ಮೇಲೆ ಓಡುವುದು ಸಾಧ್ಯವಾಯಿತು. ಈ ಸಂಘದ ಕೆಲಸ ಎಷ್ಟು ದೊಡ್ಡದೆಂಬುದು ಅದಕ್ಕೆ ಮುಂಚಿನ ಅಳತೆಗಳ ಗೊಂದಲವನ್ನು ಬಲ್ಲವರಿಗೆ ಚೆನ್ನಾಗಿ ಗೊತ್ತು.

ಆಯ್ಕೆಯಲ್ಲಿ ಮೊದಲು ನಿಶ್ಚಯವಾಗಬೇಕಾದದ್ದು ವರ್ಷ. ಲೇಔಟಿನ ಕಾಲವನ್ನು ಗೊತ್ತುಮಾಡಿಕೊಳ್ಳದೆ ಡಬ್ಬಿಗಳನ್ನು ಕೂಡಿಸಹೊರಟವರ ಬಳಿ ಕೊನೆಗೆ ಉಳಿಯುವುದು ಒಂದು ಸಂಗ್ರಹವೇ ಹೊರತು ಒಂದು ರೈಲಲ್ಲ. ಉದಾಹರಣೆಗೆ 1955ನೆಯ ವರ್ಷವನ್ನು ಆರಿಸಿಕೊಂಡರೆ, ಪುಲ್‌ಮನ್-ಸ್ಟ್ಯಾಂಡರ್ಡ್ ಕಂಪನಿಯು 1947ರಿಂದ 1963ರವರೆಗೆ ಒಂದು ಲಕ್ಷಕ್ಕೂ ಮೀರಿ ತಯಾರಿಸಿದ ಪಿಎಸ್-1 ಎಂಬ ಬಾಕ್ಸ್‌ಕಾರ್ ಅತ್ಯಂತ ಯೋಗ್ಯವಾದ ಆಯ್ಕೆಯಾಗುತ್ತದೆ, ಏಕೆಂದರೆ ಆ ಕಾಲದ ಯಾವುದೇ ದೊಡ್ಡ ಸರಕು ರೈಲಿನಲ್ಲಿ ಅದು ಕಾಣದೇ ಇರುವುದು ಕಷ್ಟವಾಗಿತ್ತು. ಆದರೆ ಪಿಎಸ್-1 ಎಂಬ ಒಂದೇ ಹೆಸರಿನ ಅಡಿಯಲ್ಲೂ ಬಾಗಿಲಿನ ಅಗಲ 6, 7 ಇಲ್ಲವೇ 8 ಅಡಿ ಇರಬಹುದು, ಡಬ್ಬಿಯ ತುದಿಗೋಡೆಗಳ ಉಬ್ಬುಪಟ್ಟಿಗಳ ವಿನ್ಯಾಸ ವರ್ಷದಿಂದ ವರ್ಷಕ್ಕೆ ಬದಲಾಗಿರಬಹುದು. ತಯಾರಕರು ಒಂದೇ ಅಚ್ಚಿನಿಂದ ತೆಗೆದ ಡಬ್ಬಿಗೆ ಹತ್ತಾರು ರೈಲು ಕಂಪನಿಗಳ ಬಣ್ಣ ಬಳಿದು ಮಾರುವುದರಿಂದ, ಆ ಅಚ್ಚಿಗೂ ಆ ಕಂಪನಿಗೂ ನಿಜವಾದ ಸಂಬಂಧವಿತ್ತೇ ಎಂಬುದನ್ನು ಹಳೆಯ ಛಾಯಾಚಿತ್ರಗಳ ನೆರವಿನಿಂದ ಕೊಳ್ಳುವವರೇ ಪರೀಕ್ಷಿಸಬೇಕಾಗುತ್ತದೆ.

ಡಬ್ಬಿಯ ಮೈಮೇಲೆ ಅದರ ವಯಸ್ಸನ್ನು ಹೇಳುವ ಗುರುತುಗಳು ಹಲವು. ಚಾವಣಿಯ ಉದ್ದಕ್ಕೂ ಹಾಯುವ ನಡೆಹಲಗೆಯು, ಬ್ರೇಕು ನೋಡಿಕೊಳ್ಳುವ ಸಿಬ್ಬಂದಿ ಓಡುವ ರೈಲಿನ ಮೇಲೆಯೇ ನಡೆದು ಕೈಚಕ್ರ ತಿರುಗಿಸುತ್ತಿದ್ದ ಅಪಾಯದ ದಿನಗಳ ಉಳಿಕೆ. 1893ರ ಸುರಕ್ಷತಾ ಕಾನೂನು ಗಾಳಿಬ್ರೇಕನ್ನೂ ತಾನಾಗಿ ಬೆಸೆದುಕೊಳ್ಳುವ ಕೊಂಡಿಯನ್ನೂ ಕಡ್ಡಾಯ ಮಾಡಿದ ಮೇಲೂ ಆ ಹಲಗೆ ಬಹುಕಾಲ ಉಳಿದು, 1966ರಿಂದ ಹೊಸ ಬಾಕ್ಸ್‌ಕಾರ್‌ಗಳಿಗೆ ಅನಗತ್ಯವೆನಿಸಿತು. ಹೀಗಾಗಿ ನಡೆಹಲಗೆಯಿಲ್ಲದ ನುಣುಪು ಚಾವಣಿಯ ಡಬ್ಬಿ 1955ರ ರೈಲಿನಲ್ಲಿ ಸಲ್ಲದು. ಗಾಲಿಯ ಅಚ್ಚಿನ ತುದಿಗಳನ್ನು ಮುಚ್ಚುವ ಚೌಕಾಕಾರದ ಪೆಟ್ಟಿಗೆಗಳು, ಎಣ್ಣೆಯಲ್ಲಿ ನೆನೆದ ನೂಲುಗಂಟನ್ನು ಒಳಗಿಟ್ಟುಕೊಂಡು ಹಿತ್ತಾಳೆಯ ಬೇರಿಂಗಿಗೆ ಜಿಡ್ಡು ಉಣಿಸುತ್ತಿದ್ದ ಹಳೆಯ ವ್ಯವಸ್ಥೆಯನ್ನು ಸೂಚಿಸುತ್ತವೆ, ಮತ್ತು 1955ರಲ್ಲಿ ಸರಕು ಡಬ್ಬಿಗಳಲ್ಲಿ ಬಹುಪಾಲು ಇಂಥವೇ ಇದ್ದವು. 1967ರಿಂದ 1977ರವರೆಗೆ ಮಾತ್ರ ಪ್ರಯೋಗದಲ್ಲಿದ್ದ, ಬಣ್ಣದ ಅಡ್ಡಪಟ್ಟಿಗಳಿಂದ ಡಬ್ಬಿಯ ಸಂಖ್ಯೆಯನ್ನು ಯಂತ್ರವೇ ಓದುವಂತೆ ಮಾಡಿದ ಕಾರ್‌ಟ್ರಾಕ್ ಫಲಕ ಕಂಡರೆ ಆ ಡಬ್ಬಿ ಓಡುವ ರೈಲು ಆ ದಶಕದ್ದೋ ಅನಂತರದ್ದೋ ಆಗಿರಲೇಬೇಕು. ಇವೆಲ್ಲ ಅತಿ ಸಣ್ಣ ವಿವರಗಳೆಂದು ತೋರಬಹುದು. ಆದರೆ ಮಾದರಿಯ ಸತ್ಯ ಇರುವುದೇ ಇಂಥ ವಿವರಗಳಲ್ಲಿ.

ವರ್ಷದ ಬಳಿಕ ಬರುವುದು ಒಡೆತನದ ಪ್ರಶ್ನೆ, ಮತ್ತು ಹವ್ಯಾಸಿಗಳ ಕಣ್ಣು ತಪ್ಪುವುದು ಇಲ್ಲಿಯೇ ಹೆಚ್ಚು. 1950ರ ದಶಕದಲ್ಲಿ ಅಮೆರಿಕದ ಹಳಿಗಳ ಮೇಲೆ ಸುಮಾರು 20 ಲಕ್ಷ ಸರಕು ಡಬ್ಬಿಗಳಿದ್ದು, ಬಾಕ್ಸ್‌ಕಾರ್‌ಗಳಲ್ಲಿ ಹೆಚ್ಚಿನವು ಕಬ್ಬಿಣದ ಆಕ್ಸೈಡಿನಿಂದ ಮಾಡಿದ ಕೆಂಗಂದು ಬಣ್ಣದವಾಗಿದ್ದವು. ಅಂಗಡಿಯ ಕಪಾಟಿನಲ್ಲಿ ಕಣ್ಸೆಳೆಯುವುದು ಮಾತ್ರ ವೆಸ್ಟರ್ನ್ ಪೆಸಿಫಿಕ್ ಕಂಪನಿಯ ಕಿತ್ತಳೆ ಗರಿಯ ಗುರುತಿನ ಬೆಳ್ಳಿಬಣ್ಣದ ಡಬ್ಬಿ, ಬಾಸ್ಟನ್ ಅಂಡ್ ಮೇನ್ ಕಂಪನಿಯ ನೀಲಿ ಡಬ್ಬಿ, ಹೀಗೆ ಅಪರೂಪದವು. ಇಂಥ ವರ್ಣಮಯ ಡಬ್ಬಿ ಇಪ್ಪತ್ತಕ್ಕೆ ಒಂದೋ ಎರಡೋ ಇದ್ದರೆ ರೈಲು ಜೀವಂತವಾಗುತ್ತದೆ, ಇಪ್ಪತ್ತೂ ಅಂಥವೇ ಆದರೆ ಅದು ಮೆರವಣಿಗೆಯಾಗುತ್ತದೆ. ಬಾಕ್ಸ್‌ಕಾರ್‌ಗಳು ಸರಕು ಸಿಕ್ಕ ಕಡೆಗೆ ದೇಶದುದ್ದಗಲ ಅಲೆಯುತ್ತಿದ್ದುದರಿಂದ, ಯಾವುದೇ ಪ್ರದೇಶದ ರೈಲಿನಲ್ಲಿ ಅವುಗಳ ಒಡೆತನದ ಪ್ರಮಾಣವು ದೇಶದ ಒಟ್ಟು ಡಬ್ಬಿಗಳಲ್ಲಿ ಆಯಾ ಕಂಪನಿಗಿದ್ದ ಪಾಲನ್ನು ಹೆಚ್ಚುಕಡಿಮೆ ಹೋಲುತ್ತಿತ್ತೆಂದು ಕೆಲವು ಸಂಶೋಧಕ ಹವ್ಯಾಸಿಗಳು ಹಳೆಯ ದಾಖಲೆಗಳನ್ನು ಆಧರಿಸಿ ವಾದಿಸಿದ್ದಾರೆ. ಪೆನ್ಸಿಲ್ವೇನಿಯಾ ಮತ್ತು ನ್ಯೂಯಾರ್ಕ್ ಸೆಂಟ್ರಲ್‌ನಂಥ ಬೃಹತ್ ಕಂಪನಿಗಳ ಡಬ್ಬಿಗಳು ಕ್ಯಾಲಿಫೋರ್ನಿಯಾದ ಲೇಔಟಿನಲ್ಲೂ ಇರಬೇಕೆಂಬುದು ಈ ವಾದದಿಂದ ಹೊರಡುವ ನಿರ್ಣಯ, ಮತ್ತು ಅದು ಒಪ್ಪತಕ್ಕದ್ದೇ. ಕಲ್ಲಿದ್ದಲನ್ನು ಹೊತ್ತು ತಳದಿಂದ ಸುರಿಯುವ ಹಾಪರ್ ಡಬ್ಬಿಗಳ ವಿಷಯ ಬೇರೆ; ಅವು ಗಣಿಯಿಂದ ಬಂದರಿಗೋ ಉಕ್ಕಿನ ಕಾರ್ಖಾನೆಗೋ ಹೋಗಿ ಖಾಲಿಯಾಗಿ ಹಿಂದಿರುಗುತ್ತಿದ್ದುದರಿಂದ ಬಹುತೇಕ ತಮ್ಮ ಮನೆಯ ಹಳಿಗಳ ಆಸುಪಾಸಿನಲ್ಲೇ ಉಳಿಯುತ್ತಿದ್ದವು.

ಮಂಜುಗಡ್ಡೆ ತುಂಬಿ ಹಣ್ಣು ತರಕಾರಿ ಮಾಂಸಗಳನ್ನು ಸಾಗಿಸುತ್ತಿದ್ದ ಶೀತಲ ಡಬ್ಬಿಗಳ ಮೈಮೇಲೆ ವ್ಯಾಪಾರಿಗಳ ದೊಡ್ಡ ಜಾಹೀರಾತುಗಳನ್ನು ಬರೆಯುವ ಪದ್ಧತಿ ಒಂದು ಕಾಲದಲ್ಲಿ ಜೋರಾಗಿತ್ತು, ಮತ್ತು ಮಾದರಿ ತಯಾರಕರು ಇಂದಿಗೂ ಅವುಗಳನ್ನು ಉತ್ಸಾಹದಿಂದ ಮಾರುತ್ತಾರೆ. ಆದರೆ ಬಾಡಿಗೆಯ ಡಬ್ಬಿಯ ಮೇಲಿನ ಜಾಹೀರಾತು ಒಂದು ಬಗೆಯ ಗುಪ್ತ ರಿಯಾಯಿತಿಯೆಂದು ಭಾವಿಸಿ ಅಂತರರಾಜ್ಯ ವಾಣಿಜ್ಯ ಆಯೋಗವು 1930ರ ದಶಕದಲ್ಲೇ ಅದನ್ನು ನಿಷೇಧಿಸಿದ್ದರಿಂದ, 1955ರ ರೈಲಿಗೆ ಹೊಂದುವುದು ಅಂಥ ಡಬ್ಬಿಯಲ್ಲ. 1906ರಲ್ಲಿ ಯೂನಿಯನ್ ಪೆಸಿಫಿಕ್ ಮತ್ತು ಸದರ್ನ್ ಪೆಸಿಫಿಕ್ ಕಂಪನಿಗಳು ಜಂಟಿಯಾಗಿ ಸ್ಥಾಪಿಸಿದ ಪೆಸಿಫಿಕ್ ಫ್ರೂಟ್ ಎಕ್ಸ್‌ಪ್ರೆಸ್‌ನ ಕಿತ್ತಳೆ ಬಣ್ಣದ ಡಬ್ಬಿಯೇ ಅದಕ್ಕೆ ಹೊಂದುತ್ತದೆ.

ಭಾರತದ ವ್ಯಾಗನ್‌ಗಳನ್ನು ಮಾದರಿಗಿಳಿಸುವವರಿಗೆ ಈ ಒಡೆತನದ ತೊಡಕು ಇಲ್ಲ, ಆದರೆ ಬೇರೆಯದೊಂದು ಇದೆ. ಬಳ್ಳಾರಿ ಹೊಸಪೇಟೆ ಸೀಮೆಯ ಅದಿರು ರೈಲುಗಳಲ್ಲಿ ಕನ್ನಡಿಗರು ಕಂಡಿರುವ ಬಾಕ್ಸ್‌ಎನ್ ಎಂಬ ತೆರೆದ ವ್ಯಾಗನ್ನಿನ ಉದ್ದ ಕೊಂಡಿಯಿಂದ ಕೊಂಡಿಗೆ 10.7 ಮೀಟರಿನಷ್ಟಿದ್ದು, ಎಚ್‌ಒ ಪ್ರಮಾಣದಲ್ಲಿ ಅದು ಸುಮಾರು 12.3 ಸೆಂಟಿಮೀಟರ್ ಆಗುತ್ತದೆ. ಒಂದೇ ಬಗೆಯ 58 ವ್ಯಾಗನ್‌ಗಳ ಪೂರ್ಣ ರೇಕನ್ನು ಕಟ್ಟಿದರೆ 7 ಮೀಟರಿಗೂ ಮೀರುವುದರಿಂದ, ಮನೆಯ ಕೋಣೆಯಲ್ಲಿ ಹತ್ತು ಹನ್ನೆರಡಕ್ಕೆ ತೃಪ್ತಿಪಡುವುದು ಅನಿವಾರ್ಯ. ಭಾರತದ ಬ್ರಾಡ್‌ಗೇಜ್ ಹಳಿಗಳ ಅಂತರವಾದ 1676 ಮಿಲಿಮೀಟರನ್ನು 87ರಿಂದ ಭಾಗಿಸಿದರೆ 19.3 ಮಿಲಿಮೀಟರ್ ಬರುತ್ತದೆ, ಆದರೆ ಸಿದ್ಧವಾಗಿ ದೊರೆಯುವ ಎಚ್‌ಒ ಹಳಿ 16.5 ಮಿಲಿಮೀಟರಿನದು, ಹೀಗಾಗಿ ಹೆಚ್ಚಿನವರು ಹಳಿ ಕೊಂಚ ಕಿರಿದಾಗಿ ಕಾಣುವುದನ್ನು ಒಪ್ಪಿಕೊಂಡು ವ್ಯಾಗನ್ನಿನ ಮೈಯನ್ನು ಸರಿಯಾದ ಪ್ರಮಾಣದಲ್ಲಿ ಮಾಡುತ್ತಾರೆ. ಓಟದ ದೃಷ್ಟಿಯಿಂದ ಇದು ವಿವೇಕದ ಒಪ್ಪಂದವೇ ಸರಿ, ಏಕೆಂದರೆ ಮುಂದೆ ಹೇಳಲಿರುವ ಗಾಲಿ, ತೂಕ, ಕೊಂಡಿಗಳ ನಿಯಮಗಳೆಲ್ಲ ಬಾಕ್ಸ್‌ಎನ್ ವ್ಯಾಗನ್ನಿಗೂ ಯಥಾವತ್ತಾಗಿ ಅನ್ವಯಿಸುತ್ತವೆ.

ಉದ್ದದ ವಿಷಯವನ್ನು ಹಳಿಯ ತಿರುವಿನೊಂದಿಗೆ ಸೇರಿಸಿ ನೋಡಬೇಕು. 40 ಅಡಿಯ ಬಾಕ್ಸ್‌ಕಾರ್ ಎಚ್‌ಒ ಪ್ರಮಾಣದಲ್ಲಿ ಸುಮಾರು 15 ಸೆಂಟಿಮೀಟರ್ ಇದ್ದು, ಆಟಿಕೆಯ ರೈಲುಗಳ ಜೊತೆ ಬರುವ 18 ಅಂಗುಲ ತ್ರಿಜ್ಯದ ಬಿಗಿ ತಿರುವಿನಲ್ಲೂ ನಿರಾಯಾಸವಾಗಿ ಸಾಗುತ್ತದೆ. ಟ್ರೈಲರುಗಳನ್ನು ಹೊರುವ 89 ಅಡಿಯ ಚಪ್ಪಟೆ ಡಬ್ಬಿಯಾದರೋ 31 ಸೆಂಟಿಮೀಟರ್ ಉದ್ದವಿರುತ್ತದೆ. ತ್ರಿಜ್ಯವು ಡಬ್ಬಿಯ ಉದ್ದದ ಕನಿಷ್ಠ ಮೂರು ಪಟ್ಟು ಇರಬೇಕೆಂಬ ಅನುಭವಸಿದ್ಧ ಲೆಕ್ಕದಂತೆ ಅದಕ್ಕೆ 90 ಸೆಂಟಿಮೀಟರಿಗೂ ಮೀರಿದ ತ್ರಿಜ್ಯ ಬೇಕು. ಚಿಕ್ಕ ಕೋಣೆಯವರಿಗೆ 40 ಅಡಿಯ ಡಬ್ಬಿಗಳ ಕಾಲವನ್ನೇ ಆರಿಸಿಕೊಳ್ಳುವುದಕ್ಕೆ ಇದೂ ಒಂದು ಒಳ್ಳೆಯ ಕಾರಣ.

ಕೊಳ್ಳುವ ಬಗೆಗಳಲ್ಲಿ ಪೂರ್ತಿ ಜೋಡಿಸಿದ ಡಬ್ಬಿ, ಬಿಡಿಭಾಗಗಳ ಕಿಟ್, ರಾಳದಲ್ಲಿ ಎರಕ ಹೊಯ್ದ ಕಠಿಣ ಕಿಟ್ ಎಂಬ ಹಂತಗಳಿವೆ. ಕ್ಯಾಲಿಫೋರ್ನಿಯಾದ ಅಥರ್ನ್ ಕಂಪನಿಯು ನೀಲಿ ಪೆಟ್ಟಿಗೆಗಳಲ್ಲಿ ಹಲವು ದಶಕ ಮಾರಿದ ಅಗ್ಗದ ಕಿಟ್‌ಗಳು, ಒಂದು ತಿರುಪುಳಿಯಿಂದ ಸಂಜೆಯೊಳಗೆ ಜೋಡಿಸಬಹುದಾಗಿದ್ದ ಕಾರಣ, ಹಲವು ತಲೆಮಾರುಗಳ ಹವ್ಯಾಸಿಗಳಿಗೆ ಮೊದಲ ಪಾಠವಾದವು. ಹಳೆಯ ವಸ್ತುಗಳ ಮಾರಾಟದಲ್ಲಿ ಅವು ಇಂದಿಗೂ ಸಿಗುತ್ತವೆ. ಅವುಗಳ ಕೈಹಿಡಿಗಳು ಗೋಡೆಗೇ ಅಂಟಿದ ಉಬ್ಬುಗೆರೆಗಳಂತಿದ್ದು, ಇಂದಿನ ಡಬ್ಬಿಗಳ ಬಿಡಿ ತಂತಿಯ ನಯ ಅವಕ್ಕಿಲ್ಲ ಎಂಬುದು ನಿಜ. ಆದರೂ ಗಟ್ಟಿತನದಲ್ಲಿ, ದುರಸ್ತಿಯ ಸುಲಭದಲ್ಲಿ ಅವುಗಳನ್ನು ಮೀರಿಸುವುದು ಕಷ್ಟ, ಮತ್ತು ಹೊಸಬರಿಗೆ ಅವುಗಳಿಗಿಂತ ಒಳ್ಳೆಯ ಆರಂಭವನ್ನು ಸೂಚಿಸುವುದು ಇನ್ನೂ ಕಷ್ಟ.

ಡಬ್ಬಿ ಮನೆಗೆ ಬಂದ ಮೇಲೆ ಮೊದಲು ಅದನ್ನು ತೂಗಬೇಕು. ಎನ್‌ಎಂಆರ್‌ಎ ಶಿಫಾರಸಿನ ಪ್ರಕಾರ ಎಚ್‌ಒ ಡಬ್ಬಿಯೊಂದು ಮೂಲತಃ ಒಂದು ಔನ್ಸ್, ಅದರ ಮೇಲೆ ಉದ್ದದ ಪ್ರತಿ ಅಂಗುಲಕ್ಕೆ ಅರ್ಧ ಔನ್ಸ್ ತೂಗಬೇಕು. 40 ಅಡಿಯ ಬಾಕ್ಸ್‌ಕಾರಿಗೆ ಇದು ಸುಮಾರು 110 ಗ್ರಾಂ ಆಗುತ್ತದೆ. ಈ ಲೆಕ್ಕದ ಹಿಂದಿನ ಕಾರಣ ಸರಳವಾದದ್ದು: ಉದ್ದನೆಯ ರೈಲು ತಿರುವಿನಲ್ಲಿ ಎಳೆಯಲ್ಪಡುವಾಗ ಕೊಂಡಿಗಳ ಸೆಳೆತವು ಪ್ರತಿ ಡಬ್ಬಿಯನ್ನೂ ತಿರುವಿನ ಒಳಮಗ್ಗುಲಿಗೆ ಜಗ್ಗುತ್ತದೆ, ಆಗ ಹಗುರವಾದ ಡಬ್ಬಿ ಎರಡು ಭಾರವಾದ ಡಬ್ಬಿಗಳ ನಡುವೆ ಸಿಕ್ಕಿದ್ದರೆ ಅದೇ ಮೊದಲು ಮಗುಚುತ್ತದೆ, ಹಿಂದಕ್ಕೆ ತಳ್ಳುವಾಗಲೂ ಹಗುರವಾದುದೇ ಹಳಿಯಿಂದ ಎದ್ದು ನಿಲ್ಲುತ್ತದೆ. ಹೀಗಾಗಿ ಎಲ್ಲ ಡಬ್ಬಿಗಳೂ ಒಂದೇ ನಿಯಮಕ್ಕೆ ಹೊಂದಿಕೊಳ್ಳುವುದು ಅವುಗಳಲ್ಲೊಂದು ಬಹಳ ಭಾರವಾಗಿರುವುದಕ್ಕಿಂತ ಹೆಚ್ಚು ಮುಖ್ಯ, ಮತ್ತು ಮಿತಿಮೀರಿದ ತೂಕ ಎಂಜಿನ್ನಿನ ಎಳೆಯುವ ಶಕ್ತಿಯನ್ನು ವ್ಯರ್ಥವಾಗಿ ತಿನ್ನುತ್ತದೆ. ಕೊರತೆಯನ್ನು ತುಂಬುವ ಉಕ್ಕಿನ ಅಥವಾ ಸೀಸದ ತುಂಡುಗಳನ್ನು ಆದಷ್ಟು ಕೆಳಗೆ, ನೆಲಹಾಸಿನ ಮೇಲೆ, ಎರಡೂ ಕಡೆಗೆ ಸಮನಾಗಿ ಕೂರಿಸಬೇಕು. ಸೀಸವನ್ನು ಮುಟ್ಟಿದ ಕೈಗಳನ್ನು ತೊಳೆಯುವುದು ಎಷ್ಟು ಅಗತ್ಯವೋ ಅದನ್ನು ಮರಗೆಲಸದ ಬಿಳಿ ಅಂಟಿನಿಂದ ಅಂಟಿಸದಿರುವುದೂ ಅಷ್ಟೇ ಅಗತ್ಯ, ಏಕೆಂದರೆ ಆ ಅಂಟಿನಿಂದ ಹೊಮ್ಮುವ ಅಸಿಟಿಕ್ ಆಮ್ಲ ಸೀಸವನ್ನು ನಿಧಾನವಾಗಿ ಬಿಳಿ ಪುಡಿಯಾಗಿಸಿ ಉಬ್ಬಿಸುತ್ತದೆ, ವರ್ಷಗಳ ಬಳಿಕ ಡಬ್ಬಿಯ ಗೋಡೆಯೇ ಬಿರಿಯಬಹುದು. ಎಪಾಕ್ಸಿ ಅಂಟು ಇಲ್ಲಿ ಸುರಕ್ಷಿತ.

ತೂಕದ ನಂತರ ಗಾಲಿಗಳು. ನಾಲ್ಕು ಗಾಲಿಗಳನ್ನು ಹಿಡಿದು ಡಬ್ಬಿಯ ಪ್ರತಿ ತುದಿಯಲ್ಲಿ ತಿರುಗುವ ಚೌಕಟ್ಟನ್ನು ಅಮೆರಿಕದವರು ಟ್ರಕ್ ಎಂದೂ ಭಾರತೀಯ ರೈಲ್ವೆಯವರು ಬೋಗಿ ಎಂದೂ ಕರೆಯುತ್ತಾರೆ; ಇಲ್ಲಿ ಅದನ್ನು ಗಾಲಿಚೌಕಟ್ಟು ಎನ್ನಬಹುದು. ಒಳ್ಳೆಯ ಗಾಲಿಚೌಕಟ್ಟು ಬಹುತೇಕ ಅಸಿಟಲ್ ಎಂಬ ಜಾರುಗುಣದ ಪ್ಲಾಸ್ಟಿಕ್ಕಿನದಾಗಿದ್ದು, ಅದರ ಒಳಬದಿಯ ಶಂಕುವಿನಾಕಾರದ ಕುಳಿಗಳಲ್ಲಿ ಅಚ್ಚಿನ ಸೂಜಿಮೊನೆಗಳು ಕುಳಿತು ಅತ್ಯಲ್ಪ ಘರ್ಷಣೆಯಿಂದ ತಿರುಗುತ್ತವೆ. ಆದ್ದರಿಂದ ಇದಕ್ಕೆ ಎಣ್ಣೆ ಹಾಕುವ ಅಗತ್ಯವಿಲ್ಲ, ಹಾಕಿದರೆ ಧೂಳು ಕೂತು ಅಂಟಾಗಿ ಓಟವೇ ಕೆಡುತ್ತದೆ. ಹಳೆಯ ಡಬ್ಬಿಗಳ ಪ್ಲಾಸ್ಟಿಕ್ ಗಾಲಿಗಳು ಹಳಿಯ ಕೊಳೆಯನ್ನು ಬೇಗ ಹತ್ತಿಸಿಕೊಂಡು ಅದನ್ನೇ ಊರೆಲ್ಲ ಹರಡುವುದರಿಂದ, ಅವುಗಳ ಜಾಗದಲ್ಲಿ ಲೋಹದ ಗಾಲಿಗಳನ್ನು ಹಾಕುವುದು ಹಣಕ್ಕೆ ತಕ್ಕ ಪ್ರತಿಫಲ ಕೊಡುವ ಸುಧಾರಣೆ. 50 ಮತ್ತು 70 ಟನ್ ಸಾಮರ್ಥ್ಯದ ಡಬ್ಬಿಗಳಿಗೆ ನಿಜದಲ್ಲಿ 33 ಅಂಗುಲದ ಗಾಲಿಗಳಿದ್ದವು, ಎಚ್‌ಒ ಪ್ರಮಾಣದಲ್ಲಿ ಅವು 9.6 ಮಿಲಿಮೀಟರ್ ವ್ಯಾಸದವು. 100 ಟನ್ನಿನ ಡಬ್ಬಿಗಳಿಗೆ 36 ಅಂಗುಲದವು. ತಪ್ಪು ಗಾತ್ರದ ಗಾಲಿ ಹಾಕಿದರೆ ಡಬ್ಬಿಯ ಎತ್ತರ ಬದಲಾಗಿ ಕೊಂಡಿಗಳೂ ಒಂದಕ್ಕೊಂದು ಎದುರಾಗದೆ ಹೋಗುತ್ತವೆ.

ಪ್ರತಿ ಗಾಲಿಜೋಡಿಯ ನಡುವಿನ ಅಂತರವನ್ನು ಎನ್‌ಎಂಆರ್‌ಎ ಹೊರತಂದಿರುವ ಲೋಹದ ಅಳತೆಪಟ್ಟಿಯಿಂದ ಪರೀಕ್ಷಿಸುವುದು ಈ ಹವ್ಯಾಸದ ಅತ್ಯಂತ ಫಲದಾಯಕ ಅಭ್ಯಾಸ. ಅಂತರ ಕಡಿಮೆಯಾದರೆ ಗಾಲಿಯ ಏಣು, ಎಂದರೆ ಹಳಿಯ ಒಳಮಗ್ಗುಲಿಗೆ ಇಳಿದು ಗಾಲಿಯನ್ನು ದಾರಿಯಲ್ಲಿ ಹಿಡಿದಿಡುವ ಅಂಚು, ಹಳಿ ಕವಲಿನ ರಕ್ಷಾಪಟ್ಟಿಗೆ ತಗುಲಿ ಮೇಲೇರುತ್ತದೆ. ಹೆಚ್ಚಾದರೆ ಹಳಿಗಳ ನಡುವೆ ಬಿಗಿಯಾಗುತ್ತದೆ. ಎಷ್ಟೋ ಜನ ಹಳಿಯನ್ನೇ ಕಿತ್ತು ಮತ್ತೆ ಹಾಸುವ ತಾಪತ್ರಯಕ್ಕೆ ಇಳಿಯುವುದು, ಒಂದು ಗಾಲಿಯನ್ನು ಅಚ್ಚಿನ ಮೇಲೆ ಕೂದಲೆಳೆಯಷ್ಟು ಸರಿಸಿದರೆ ಮುಗಿಯುತ್ತಿದ್ದ ದೋಷಕ್ಕಾಗಿ. ಇನ್ನೊಂದು ಸೂಕ್ಷ್ಮವೆಂದರೆ ಗಾಲಿಚೌಕಟ್ಟುಗಳ ತಿರುಪುಗಳದು: ಒಂದು ಚೌಕಟ್ಟು ಅಕ್ಕಪಕ್ಕಕ್ಕೆ ತಿರುಗುವಷ್ಟು ಮಾತ್ರ ಸಡಿಲವಾಗಿದ್ದು ತೂಗಾಡದಂತಿರಬೇಕು, ಇನ್ನೊಂದು ತಿರುಗುವುದರ ಜೊತೆಗೆ ಸ್ವಲ್ಪ ಓಲಾಡುವಂತೆಯೂ ಇರಬೇಕು. ಆಗ ಡಬ್ಬಿ ಮೂರು ಬಿಂದುಗಳ ಮೇಲೆ ನಿಂತಂತಾಗಿ, ಏರುತಗ್ಗಿನ ಹಳಿಯ ಮೇಲೂ ಎಂಟು ಗಾಲಿಗಳೂ ಹಳಿಯನ್ನು ಬಿಡದೆ ಮುಟ್ಟಿರುತ್ತವೆ. ಮೂರು ಕಾಲಿನ ಪೀಠ ಎಂಥ ನೆಲದ ಮೇಲೂ ಅಲುಗದೆ ನಿಲ್ಲುವ ತತ್ತ್ವವೇ ಇದು.

ಕೊಂಡಿಗಳ ಇತಿಹಾಸದಲ್ಲಿ ಓರೆಗಾನ್ ರಾಜ್ಯದ ಕೇಡೀ ಸಂಸ್ಥೆಗೆ ವಿಶೇಷ ಸ್ಥಾನವಿದೆ. ಕೀತ್ ಮತ್ತು ಡೇಲ್ ಎಡ್ವರ್ಡ್ಸ್ ಎಂಬ ಅವಳಿ ಸೋದರರು ಸ್ಥಾಪಿಸಿದ ಈ ಸಂಸ್ಥೆಯ ಆಯಸ್ಕಾಂತದ ಕೊಂಡಿ, ಈಲೈ ಜಾನಿ 1873ರಲ್ಲಿ ಪೇಟೆಂಟ್ ಪಡೆದ ನಿಜ ರೈಲಿನ ಬೆರಳುಗೆಣ್ಣಿನಾಕಾರದ ಕೊಂಡಿಯನ್ನೇ ಹೋಲುತ್ತ, ತಾನಾಗಿ ಬೆಸೆದುಕೊಳ್ಳುವುದಲ್ಲದೆ ಹಳಿಗಳ ನಡುವೆ ಹುದುಗಿಸಿದ ಆಯಸ್ಕಾಂತದ ಮೇಲೆ ಕೈ ತಾಗಿಸದೆಯೇ ಬಿಚ್ಚಿಕೊಳ್ಳುತ್ತದೆ. ಗಾಳಿಬ್ರೇಕಿನ ಕೊಳವೆಯಂತೆ ಕೆಳಗೆ ಬಾಗಿ ಇಳಿದಿರುವ ಉಕ್ಕಿನ ತಂತಿಯನ್ನು ಆಯಸ್ಕಾಂತ ಪಕ್ಕಕ್ಕೆ ಸೆಳೆಯುವುದರಿಂದ ಈ ಕ್ರಿಯೆ ನಡೆಯುತ್ತದೆ. ಹಳೆಯ ಅಗ್ಗದ ಡಬ್ಬಿಗಳಲ್ಲೆಲ್ಲ ಇರುತ್ತಿದ್ದ ಕೊಂಬಿನಾಕಾರದ ಪ್ಲಾಸ್ಟಿಕ್ ಕೊಂಡಿ ನೋಟದಲ್ಲೂ ಕೆಲಸದಲ್ಲೂ ಒರಟಾಗಿತ್ತು, ಇಂದಿಗೂ ಹಳೆಯ ಡಬ್ಬಿ ಕೊಂಡವರು ಮೊದಲು ಬದಲಿಸಬೇಕಾದದ್ದು ಅದನ್ನೇ. ಕೊಂಡಿಯ ಎತ್ತರವನ್ನು ಅದಕ್ಕೆಂದೇ ಮಾಡಿದ ಅಳತೆಗೋಲಿನ ಎದುರಿಟ್ಟು ನೋಡಬೇಕು. ತಗ್ಗಾಗಿದ್ದರೆ ಗಾಲಿಚೌಕಟ್ಟಿಗೂ ಡಬ್ಬಿಯ ತಳಕ್ಕೂ ನಡುವೆ ತೆಳು ಬಿಲ್ಲೆ ಹಾಕಿ ಏರಿಸಬಹುದು, ತಂತಿ ಬಹಳ ಕೆಳಗಿಳಿದಿದ್ದರೆ ಇಕ್ಕುಳದಿಂದ ಮೇಲಕ್ಕೆ ಬಗ್ಗಿಸಬಹುದು, ಇಲ್ಲವಾದರೆ ಅದು ಹಳಿ ಕವಲಿಗೆ ಸಿಕ್ಕಿ ಇಡೀ ರೈಲನ್ನೇ ನಿಲ್ಲಿಸುತ್ತದೆ. ಕೊಂಡಿಯ ಪೆಟ್ಟಿಗೆಗೆ ಒಣ ಗ್ರಾಫೈಟ್ ಪುಡಿ ಸಾಕು. ಉಕ್ಕಿನ ಅಚ್ಚುಗಳಿರುವ ಡಬ್ಬಿ ಹಳಿಯ ಆಯಸ್ಕಾಂತದ ಬಳಿ ತಾನಾಗಿಯೇ ಜರುಗುವುದುಂಟು, ಆದ್ದರಿಂದ ಗಾಲಿ ಕೊಳ್ಳುವಾಗ ಅಚ್ಚು ಆಯಸ್ಕಾಂತಕ್ಕೆ ಅಂಟದ ವಸ್ತುವಿನದೇ ಎಂದು ನೋಡಿಕೊಳ್ಳುವುದು ಒಳಿತು.

ಓಟ ಸರಿಯಾದ ಮೇಲೆಯೇ ರೂಪದ ಕಡೆಗೆ ತಿರುಗಬೇಕು. ಕ್ಯಾಲಿಫೋರ್ನಿಯಾದ ಮಾಂಟರೇ ನಗರದಲ್ಲಿ ತಮ್ಮ ಪ್ರಸಿದ್ಧ ಲೇಔಟನ್ನು ಕಟ್ಟಿ 1973ರಲ್ಲಿ ತೀರಿಕೊಂಡ ಜಾನ್ ಅಲೆನ್ ಅವರ ಛಾಯಾಚಿತ್ರಗಳು, ಬಿಸಿಲು ಮಳೆ ಹೊಗೆಗಳಿಗೆ ಮೈಯೊಡ್ಡಿದ ಡಬ್ಬಿಯೇ ನಿಜವಾದ ಡಬ್ಬಿಯೆಂಬ ಭಾವನೆಯನ್ನು ಹವ್ಯಾಸಿಗಳಲ್ಲಿ ಬೇರೂರಿಸಿದವು. ಉಗಿ ಎಂಜಿನ್‌ಗಳ ಕಾಲದ ಡಬ್ಬಿಯ ಚಾವಣಿಯ ಮೇಲೆ ಮಸಿ, ಕೆಳಬದಿಯಲ್ಲಿ ಆಯಾ ಪ್ರದೇಶದ ಮಣ್ಣಿನ ಧೂಳು, ಬದಿಗೋಡೆಗಳಲ್ಲಿ ಮಾಸಿದ ಬಣ್ಣ, ಇವಿಷ್ಟನ್ನು ಬಣ್ಣದ ಸುಣ್ಣದಕಡ್ಡಿಯ ಪುಡಿಯಿಂದಲೂ ತೆಳುವಾದ ಅಕ್ರಿಲಿಕ್ ಲೇಪದಿಂದಲೂ ಸಾಧಿಸಿ ಮೇಲೆ ಹೊಳಪಿಲ್ಲದ ವಾರ್ನಿಷಿನ ಪದರ ಹಾಕಿದರೆ ಸಾಕಾಗುತ್ತದೆ. ತುಕ್ಕಿನ ವಿಷಯದಲ್ಲಿ ಸಂಯಮ ಬೇಕು. 1955ರಲ್ಲಿ ಐದು ವರ್ಷದ ಪಿಎಸ್-1 ಮಾಸಿರುತ್ತದೆಯೇ ಹೊರತು ಕೊಳೆತಿರುವುದಿಲ್ಲ. ಖಾಲಿ ತೂಕವನ್ನು ಕೆಲವು ವರ್ಷಗಳಿಗೊಮ್ಮೆ ಮತ್ತೆ ಅಳೆದು ಹೊಸ ಅಂಕಿಯನ್ನೂ ದಿನಾಂಕವನ್ನೂ ಬರೆಯುವ ನಿಯಮವಿದ್ದುದರಿಂದ, ಮಾಸಿದ ಗೋಡೆಯ ಮೇಲೆ ಹೊಸ ಬಣ್ಣದ ಒಂದು ಚಿಕ್ಕ ಚೌಕ, ಅದರ ಮೇಲೆ ಸ್ಪಷ್ಟ ಅಕ್ಷರಗಳು ಇದ್ದರೆ ಡಬ್ಬಿ ತನ್ನ ಸೇವೆಯ ಚರಿತ್ರೆಯನ್ನು ತಾನೇ ಹೇಳುತ್ತದೆ. ತುಕ್ಕಿನ ಹತ್ತು ಕಲೆಗಳಿಗಿಂತ ಈ ಒಂದು ಚೌಕ ಹೆಚ್ಚು ಮನವರಿಕೆ ಮಾಡಿಕೊಡುತ್ತದೆ.

ನಿತ್ಯದ ಆರೈಕೆ ದೊಡ್ಡದೇನಲ್ಲ. ಡಬ್ಬಿಯನ್ನು ಎತ್ತುವಾಗ ಏಣಿ, ಕೈಹಿಡಿ, ಚಾವಣಿಯ ಹಲಗೆಗಳನ್ನು ಮುಟ್ಟದೆ ಕೆಳಬದಿಯ ಗಟ್ಟಿ ಭಾಗವನ್ನು ಹಿಡಿಯಬೇಕು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒದ್ದೆ ಮಾಡಿದ ಕಾಗದದ ಒರೆಸನ್ನು ಹಳಿಯ ಮೇಲೆ ಹಾಸಿ ಅದರ ಮೇಲೆ ಡಬ್ಬಿಯನ್ನು ಹಿಂದೆ ಮುಂದೆ ಉರುಳಿಸಿದರೆ ಗಾಲಿಯ ಕೊಳೆ ಕಪ್ಪು ಗೆರೆಗಳಾಗಿ ಕಾಗದಕ್ಕೆ ಇಳಿಯುತ್ತದೆ. ಆದರೆ ಅದೇ ದ್ರವ ಕೆಲವು ಬಣ್ಣಗಳನ್ನು ಕರಗಿಸುವುದರಿಂದ ಅದು ಡಬ್ಬಿಯ ಗೋಡೆಗೆ ಸಿಡಿಯಬಾರದು. ಮೈಮೇಲಿನ ಧೂಳಿಗೆ ಮೃದುವಾದ ಕುಂಚವೇ ಸಾಕು. ಬಹುಕಾಲ ಎತ್ತಿಡುವಾಗ ಡಬ್ಬಿಯನ್ನು ಆಮ್ಲರಹಿತ ತೆಳು ಕಾಗದದಲ್ಲಿ ಸುತ್ತಬೇಕು, ಹಳೆಯ ಸ್ಪಂಜು ಮತ್ತು ಗುಳ್ಳೆಗಳ ಪ್ಲಾಸ್ಟಿಕ್ ಹಾಳೆ ನೇರವಾಗಿ ತಾಗಿದರೆ ವರ್ಷಗಳ ಬಳಿಕ ಬಣ್ಣದ ಮೇಲೆ ಅಚ್ಚು ಮೂಡುತ್ತದೆ. ಕರಾವಳಿಯ ತೇವದಲ್ಲಿ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಇಟ್ಟು ಅದನ್ನು ಆಗಾಗ ಒಣಗಿಸದಿದ್ದರೆ ಉಕ್ಕಿನ ತೂಕ, ತಿರುಪು, ಕೊಂಡಿಯ ಸ್ಪ್ರಿಂಗುಗಳು ತುಕ್ಕು ಹಿಡಿಯುತ್ತವೆ; ಬಯಲುಸೀಮೆಯಲ್ಲಿ ಕಿಟಕಿಯ ಬಿಸಿಲೇ ದೊಡ್ಡ ಶತ್ರು, ಅದು ಬಣ್ಣವನ್ನು ಮಾಸಿಸುವುದಲ್ಲದೆ ತೆಳು ಪ್ಲಾಸ್ಟಿಕ್ಕನ್ನು ಬಾಗಿಸುತ್ತದೆ. ಹಳೆಯ ಸತುವಿನ ಮಿಶ್ರಲೋಹದ ಎರಕಗಳಲ್ಲಿ ಬಿರುಕು ಅಥವಾ ಉಬ್ಬು ಕಂಡರೆ ಅದು ಎರಕದೊಳಗಿನ ಸೀಸದಂಥ ಕಲ್ಮಶದಿಂದ ಹುಟ್ಟುವ ಕ್ಷಯ. ಅದಕ್ಕೆ ಚಿಕಿತ್ಸೆಯಿಲ್ಲ, ಆ ಭಾಗವನ್ನು ಬದಲಿಸುವುದೊಂದೇ ದಾರಿ.

ನಿಜವಾದ ಅಮೆರಿಕದ ರೈಲುಗಳಲ್ಲಿ ಕೆಟ್ಟ ಡಬ್ಬಿಗೆ ‘ಬ್ಯಾಡ್ ಆರ್ಡರ್’ ಎಂಬ ಚೀಟಿ ಅಂಟಿಸಿ ದುರಸ್ತಿಯ ಹಳಿಗೆ ಸರಿಸುವ ಪದ್ಧತಿಯಿದೆ, ಮತ್ತು ಶಿಸ್ತಿನ ಹವ್ಯಾಸಿಗಳು ಅದನ್ನು ತಮ್ಮ ಮೇಜಿಗೂ ತಂದುಕೊಂಡಿದ್ದಾರೆ. ಪ್ರತಿ ಡಬ್ಬಿಗೂ ಒಂದು ಚೀಟಿ, ಅದರಲ್ಲಿ ಕಂಪನಿಯ ಹೆಸರು, ಸಂಖ್ಯೆ, ತೂಕ, ಗಾಲಿ ಬದಲಿಸಿದ ದಿನ, ಕೊಂಡಿ ಪರೀಕ್ಷಿಸಿದ ದಿನ ಇರುತ್ತವೆ. ಡಬ್ಬಿಯೊಂದು ಹಳಿ ತಪ್ಪಿದರೆ ಎಲ್ಲಿ, ಯಾವ ಕಡೆಗೆ ಹೋಗುವಾಗ ತಪ್ಪಿತೆಂಬುದನ್ನು ಆ ಕ್ಷಣವೇ ಬರೆಯಲಾಗುತ್ತದೆ. ಒಂದೇ ಡಬ್ಬಿ ಬೇರೆ ಬೇರೆ ಜಾಗಗಳಲ್ಲಿ ತಪ್ಪುತ್ತಿದ್ದರೆ ದೋಷ ಡಬ್ಬಿಯದು, ಬೇರೆ ಬೇರೆ ಡಬ್ಬಿಗಳು ಒಂದೇ ಜಾಗದಲ್ಲಿ ತಪ್ಪುತ್ತಿದ್ದರೆ ದೋಷ ಹಳಿಯದು. ದುರಸ್ತಿಯಾದ ಡಬ್ಬಿಯನ್ನು ಲೇಔಟಿನ ಅತ್ಯಂತ ಬಿಗಿಯಾದ ತಿರುವಿನಲ್ಲೂ ಹಳಿ ಕವಲುಗಳ ಮೇಲೂ ಮುಂದಕ್ಕೆ ಎಳೆದು, ಹಿಂದಕ್ಕೆ ತಳ್ಳಿ ನೋಡಿದ ಬಳಿಕವೇ ಅದರ ಚೀಟಿಯಿಂದ ಆ ಗುರುತನ್ನು ತೆಗೆದು ಮತ್ತೆ ರೈಲಿಗೆ ಜೋಡಿಸಲಾಗುತ್ತದೆ.